ಹತ್ತು ಸಾವಿರದೊಳಗೆ ವಿಮಾನಕ್ಕೊಂದು ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್: ನಾನು ಆರಿಸುವ ರೀತಿ

ಪೆಟ್ಟಿಗೆಯ ಮೇಲೆ ಬರೀ ‘ಇಎನ್‌ಸಿ’ ಎಂದಿದ್ದರೆ ಅದನ್ನು ಅಲ್ಲೇ ಕೆಳಗಿಡಿ. ಅದು ಮೈಕಿಗೆ ಸೇರಿದ್ದು. ನೀವು ಫೋನಿನಲ್ಲಿ ಮಾತಾಡುವಾಗ ನಿಮ್ಮ ಸುತ್ತಲಿನ ಗದ್ದಲ ಆ ಕಡೆಯವರಿಗೆ ಕೇಳಿಸದಂತೆ ಮಾಡುತ್ತದೆ, ನಿಮ್ಮ ಕಿವಿಗೆ ಅದರಿಂದ ಏನೂ ಲಾಭವಿಲ್ಲ. ‘ನಾಯ್ಸ್ ಐಸೊಲೇಷನ್’ ಅಂದರೆ ಮೆತ್ತೆ ಕಿವಿಯನ್ನು ಮುಚ್ಚುತ್ತದೆ, ಅಷ್ಟೇ. ವಿಮಾನಕ್ಕೆ ಬೇಕಾದ್ದು ಎಎನ್‌ಸಿ, ಅಂದರೆ ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್: ಹೊರಗಿನ ಸದ್ದನ್ನು ಎದುರುಸದ್ದಿನಿಂದ ಅಳಿಸುವ ತಂತ್ರ. ಎರಡು ಸಾವಿರದೊಳಗಿನ ಮಾಲಿನಲ್ಲಿ ಜನ ಹೆಚ್ಚಾಗಿ ಮೋಸಹೋಗುವುದು ಇಲ್ಲೇ.

ಜೆಟ್ ವಿಮಾನ ಮೇಲೇರಿ ಒಂದೇ ಸಮ ಹಾರುವಾಗ ಒಳಗಿನ ಸದ್ದು ಸುಮಾರು 80ರಿಂದ 85 ಡೆಸಿಬಲ್. ಅದರ ಶಕ್ತಿಯಲ್ಲಿ ದೊಡ್ಡ ಪಾಲು 500 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಡುವಿಕೆ. ಬೆಂಗಳೂರು–ಹುಬ್ಬಳ್ಳಿಯಂಥ ಹತ್ತಿರದ ಮಾರ್ಗಗಳಲ್ಲಿ ಸಿಗುವ ಎಟಿಆರ್ 72 ಎಂಬ ಪ್ರೊಪೆಲರ್ ವಿಮಾನದ ಸದ್ದು ಇನ್ನೂ ಕರಾರುವಾಕ್ಕು: ಪ್ರೊಪೆಲರ್‌ಗೆ ಆರು ಅಲಗು, ಹಾರಾಟದಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ ಸಾವಿರ ಸುತ್ತು. ಲೆಕ್ಕ ಹಾಕಿದರೆ ಸೆಕೆಂಡಿಗೆ ನೂರರ ಹತ್ತಿರ ಬಡಿತ, ಅಂದರೆ 100 ಹರ್ಟ್ಸ್. ಪ್ರೊಪೆಲರ್ ನೇರಕ್ಕೆ ಬರುವ ಮುಂದಿನ ಸೀಟುಗಳಲ್ಲಿ ಇದು ಜೋರು, ಹಿಂದೆ ಹೋದಂತೆ ಕಡಿಮೆ.

ಎಎನ್‌ಸಿ ಕೆಲಸ ಮಾಡುವುದು ಇಂಥ ಕೆಳಸದ್ದಿನ ಮೇಲೆಯೇ. ಮೈಕು ಹೊರಗಿನ ಅಲೆಯನ್ನು ಹಿಡಿಯುತ್ತದೆ, ಒಳಗಿನ ಸ್ಪೀಕರ್ ಅದರ ತದ್ವಿರುದ್ಧ ಅಲೆಯನ್ನು ಕೊಡುತ್ತದೆ, ಎರಡೂ ಸೇರಿ ಸೊನ್ನೆಯಾಗಬೇಕು. 100 ಹರ್ಟ್ಸ್ ಅಲೆಯ ಉದ್ದ ಮೂರು ಮೀಟರಿಗೂ ಹೆಚ್ಚು, ಹಾಗಾಗಿ ಒಂಚೂರು ತಡವಾದರೂ ನಡೆಯುತ್ತದೆ. 3000 ಹರ್ಟ್ಸ್‌ನಲ್ಲಿ ಅದೇ ಅಲೆ ಹನ್ನೊಂದು ಸೆಂಟಿಮೀಟರ್. ಅಲ್ಲಿ ಅಷ್ಟೇ ತಡವಾದರೆ ಅಲೆಗಳು ಕಳೆಯುವ ಬದಲು ಕೂಡಿಕೊಳ್ಳುತ್ತವೆ. ಆದ್ದರಿಂದ ಸುಮಾರು 1000 ಹರ್ಟ್ಸ್ ದಾಟಿದ ಮೇಲೆ ತಡೆಯುವುದು ಬಹುಮಟ್ಟಿಗೆ ಮೆತ್ತೆಯೇ. ಹಿಂದಿನ ಸೀಟಿನ ಮಗುವಿನ ಅಳು ಎಎನ್‌ಸಿ ಹಾಕಿದರೂ ಕೇಳಿಸುವುದಕ್ಕೆ ಕಾರಣ ಇದು. ಮೂವತ್ತು ಸಾವಿರದ ಹೆಡ್‌ಫೋನಿನಲ್ಲೂ ಕೇಳಿಸುತ್ತದೆ, ಸ್ವಲ್ಪ ಕಡಿಮೆ ಅಷ್ಟೇ.

‘45 ಡೆಸಿಬಲ್‌ವರೆಗೆ’ ಎಂಬ ಬರಹಕ್ಕೆ ನಾನು ಬೆಲೆ ಕೊಡುವುದಿಲ್ಲ. ಅದು ಯಾವುದೋ ಒಂದು ಆವರ್ತನದಲ್ಲಿ ಸಿಕ್ಕ ಗರಿಷ್ಠ ಅಂಕಿ, ಉಳಿದೆಡೆ ಎಷ್ಟು ಎಂದು ಪೆಟ್ಟಿಗೆ ಹೇಳುವುದಿಲ್ಲ. ಅದಕ್ಕಿಂತ ‘ಹೈಬ್ರಿಡ್ ಎಎನ್‌ಸಿ’ ಎಂದಿದೆಯೇ ನೋಡಿ. ಹೈಬ್ರಿಡ್‌ನಲ್ಲಿ ಕಪ್ಪಿನ (ಕಿವಿಯ ಮೇಲೆ ಕೂರುವ ಬಟ್ಟಲಿನ) ಹೊರಗೊಂದು ಒಳಗೊಂದು ಮೈಕು ಇರುತ್ತದೆ. ಹೊರಗೆ ಮಾತ್ರ ಇದ್ದರೆ, ಮೆತ್ತೆಯ ಸಂದಿಯಲ್ಲಿ ಒಳನುಗ್ಗಿದ ಸದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಕಿವಿಯನ್ನು ಪೂರ್ತಿ ಮುಚ್ಚುವ ಓವರ್-ಇಯರ್ ಮಾದರಿಯನ್ನೇ ನಾನು ಹೇಳುವುದು. ಕಿವಿಯ ಮೇಲೆ ಕೂರುವ ಚಿಕ್ಕ ಕಪ್ಪುಗಳು ಕೆಳಸದ್ದನ್ನು ಸೋರಗೊಡುತ್ತವೆ. ಇಯರ್‌ಬಡ್‌ಗಳಲ್ಲಿ ಒಳ್ಳೆಯವಿವೆ, ಆದರೆ ಎಎನ್‌ಸಿ ಹಾಕಿದರೆ ಹೆಚ್ಚಿನವು ಐದಾರು ಗಂಟೆ ಬಾಳುತ್ತವೆ. ಮಂಗಳೂರಿನಿಂದ ದುಬೈಗೆ ಅಷ್ಟು ಸಾಕು, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸಾಲದು. ಇಳಿಯುವಾಗ ಕಿವಿ ಕಟ್ಟುವವರಿಗೆ ರಬ್ಬರ್ ತುದಿ ಬಿಗಿಯಾಗಿದ್ದರೆ ಇನ್ನೂ ಕಿರಿಕಿರಿ, ಆಗ ತೆಗೆದಿಡಿ.

ಹತ್ತು ಸಾವಿರದ ಆಸುಪಾಸಿನಲ್ಲಿ ಕೇಳಿದವರಿಗೆ ನಾನು ಮೊದಲು ತೋರಿಸುವುದು ಎರಡು. ಸೋನಿ ಡಬ್ಲ್ಯುಎಚ್-ಸಿಎಚ್720ಎನ್: ತೂಕ 192 ಗ್ರಾಂ ಮಾತ್ರ, ಎಎನ್‌ಸಿ ಹಾಕಿ 35 ಗಂಟೆ, ವೈರು ಚುಚ್ಚಲು 3.5 ಮಿಲಿಮೀಟರ್ ತೂತೂ ಇದೆ. ಕಪ್ಪು ಚಪ್ಪಟೆಯಾಗಿ ತಿರುಗುತ್ತದೆ, ಒಳಕ್ಕೆ ಮಡಚಿಕೊಳ್ಳುವುದಿಲ್ಲ, ಹಾಗಾಗಿ ಬ್ಯಾಗಿನಲ್ಲಿ ಜಾಗ ಬೇಕು. ಇನ್ನೊಂದು ಸೌಂಡ್‌ಕೋರ್‌ನ ಲೈಫ್ ಕ್ಯೂ30: ಇದು ಮಡಚುತ್ತದೆ, 40 ಗಂಟೆ ಎಎನ್‌ಸಿ, ಆ್ಯಪಿನಲ್ಲಿ ಮೂರು ಬಗೆಯ ಎಎನ್‌ಸಿ. ವಿಮಾನದಲ್ಲಿ ‘ಟ್ರಾನ್ಸ್‌ಪೋರ್ಟ್’ ಇಡಬೇಕು, ಕೆಳಸದ್ದಿಗೆಂದೇ ಹೊಂದಿಸಿದ್ದು ಅದು. ಸಿಎಚ್720ಎನ್‌ಗಿಂತ ಭಾರ. ಕತ್ತು ಬೇಗ ನೋಯುವವರಿಗೆ ಸೋನಿ, ಸಣ್ಣ ಬ್ಯಾಗಿನವರಿಗೆ ಸೌಂಡ್‌ಕೋರ್ ಎನ್ನುವುದು ನನ್ನ ಲೆಕ್ಕ. ಎರಡರ ಬೆಲೆಯೂ ಸೇಲಿನ ಹೊತ್ತಿಗೆ ಇಳಿಯುತ್ತದೆ, ಅವಸರ ಬೇಡ. ಆನ್‌ಲೈನ್‌ನಲ್ಲಿ ಕೊಳ್ಳುವ ಮೊದಲು ‘ರಿಪ್ಲೇಸ್‌ಮೆಂಟ್ ಮಾತ್ರ’ ಎಂದಿದೆಯೇ ನೋಡಿಕೊಳ್ಳಿ. ಹಾಗಿದ್ದರೆ ತಲೆಗೆ ಒಗ್ಗದಿದ್ದರೂ ದುಡ್ಡು ವಾಪಸ್ಸಿಲ್ಲ.

ಮನೆಗೆ ತಂದ ಮೇಲೆ ಪರೀಕ್ಷೆ ಮಾಡದೆ ವಿಮಾನ ಹತ್ತಬೇಡಿ. ಫೋನಿಗೆ ಯಾವುದಾದರೂ ಟೋನ್ ಜನರೇಟರ್ ಆ್ಯಪ್ ಹಾಕಿ, ದೊಡ್ಡದೊಂದು ಬ್ಲೂಟೂತ್ ಸ್ಪೀಕರ್‌ನಲ್ಲಿ 100, 250, 500, 1000, 3000 ಹರ್ಟ್ಸ್ ಒಂದೊಂದಾಗಿ ನುಡಿಸಿ. ಫೋನಿನ ಸ್ಪೀಕರ್ ಸಾಲದು, ಅದಕ್ಕೆ 100 ಹರ್ಟ್ಸ್ ಹೊರಡಿಸಲು ಆಗುವುದಿಲ್ಲ. ಹಾಡು ಹಾಕದೆ ಹೆಡ್‌ಫೋನ್ ತೊಟ್ಟು ಎಎನ್‌ಸಿ ಹಾಕಿ, ತೆಗೆದು ನೋಡಿ. 100, 250 ಬಹುಪಾಲು ಮಾಯವಾಗಬೇಕು, 500 ಎದ್ದು ಕಾಣುವಷ್ಟು ಇಳಿಯಬೇಕು, 1000ದಲ್ಲಿ ಸ್ವಲ್ಪ. 3000ದಲ್ಲಿ ವ್ಯತ್ಯಾಸ ಕಾಣದಿದ್ದರೆ ಅದು ದೋಷವಲ್ಲ. ತಲೆ ಅಲ್ಲಾಡಿಸಬೇಡಿ: ಒಂದೇ ಸ್ವರ ಕೋಣೆಯ ಗೋಡೆಗಳಿಗೆ ಬಡಿದು ಕೆಲವು ಕಡೆ ಜೋರು, ಕೆಲವು ಕಡೆ ಮೆಲು ಆಗಿರುತ್ತದೆ, ತಲೆ ಒಂದಡಿ ಸರಿದರೂ ಲೆಕ್ಕ ತಪ್ಪುತ್ತದೆ. ಬೆಂಗಳೂರಿನವರಿಗೆ ಇನ್ನೊಂದು ಅನುಕೂಲವಿದೆ. ವಿಮಾನ ನಿಲ್ದಾಣಕ್ಕೆ ಹೋಗುವ ಡೀಸೆಲ್ ವೋಲ್ವೊ ವಾಯುವಜ್ರ ಬಸ್ಸಿನ ಕಟ್ಟಕಡೆಯ ಸಾಲಿನ ಕೆಳಗೇ ಎಂಜಿನ್ ಇರುತ್ತದೆ, ಅಲ್ಲಿ ಎಎನ್‌ಸಿ ಗೆದ್ದರೆ ವಿಮಾನದಲ್ಲೂ ಗೆಲ್ಲುತ್ತದೆ.

ಈಗ ಮುಖ್ಯವಾದ ಪರೀಕ್ಷೆ. ಎಎನ್‌ಸಿ ಹಾಕಿಕೊಂಡು ಎರಡೂ ಕಪ್ಪನ್ನು ಅಂಗೈಯಲ್ಲಿ ತಲೆಯ ಕಡೆಗೆ ಮೆಲ್ಲಗೆ ಒತ್ತಿ. ಗುಂಯ್ ಇನ್ನಷ್ಟು ಇಳಿಯಿತೇ? ಹಾಗಾದರೆ ಮೆತ್ತೆ ನಿಮ್ಮ ತಲೆಗೆ ಸರಿಯಾಗಿ ಕೂತಿಲ್ಲ, ಎಲ್ಲೋ ಸೋರುತ್ತಿದೆ. ಕೆಟ್ಟ ಎಎನ್‌ಸಿ ಎಂದು ಬೈಸಿಕೊಳ್ಳುವ ಎಷ್ಟೋ ಹೆಡ್‌ಫೋನುಗಳ ನಿಜವಾದ ಕಾಯಿಲೆ ಇದು. ಕನ್ನಡಕದ ದಪ್ಪ ಕಡ್ಡಿ ಮೊದಲ ಕಾರಣ: ಕಡ್ಡಿಯನ್ನು ಮೆತ್ತೆಗಿಂತ ತುಸು ಮೇಲಕ್ಕೆತ್ತಿ ಕೂರಿಸಿ, ಇಲ್ಲವೇ ಪ್ರಯಾಣಕ್ಕೆ ತೆಳು ಲೋಹದ ಕಡ್ಡಿಯ ಕನ್ನಡಕ ಇಟ್ಟುಕೊಳ್ಳಿ. ಜುಮುಕಿ ತೆಗೆದಿಡುವುದು ಒಳ್ಳೆಯದು, ಜಡೆ ಮೆತ್ತೆಯ ಕೆಳಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಬಾಯಿ ಅಗಲಿಸಿ ಆಕಳಿಸಿದಾಗ ‘ದಬ್’ ಎಂಬ ಸದ್ದು ಬಂದರೆ ಕಪ್ಪಿನೊಳಗಿನ ಗಾಳಿಯ ಒತ್ತಡ ಹಠಾತ್ತನೆ ಬದಲಾಗಿ ಒಳಮೈಕು ತತ್ತರಿಸಿತು ಎಂದರ್ಥ. ಒಮ್ಮೊಮ್ಮೆ ಬಂದರೆ ಸಹಜ, ಪ್ರತಿ ಹೆಜ್ಜೆಗೂ ಬಂದರೆ ಬದಲಾಯಿಸಿಕೊಳ್ಳಿ. ಹವಾ ಕೆಟ್ಟು ವಿಮಾನ ಕುಲುಕುವಾಗ ಅದು ತಲೆ ತಿನ್ನುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ಸಣ್ಣಗೆ ‘ಸ್ಸ್’ ಎನ್ನುವುದು ಅಗ್ಗದ ಸರ್ಕ್ಯೂಟಿನ ಗುಣ, ವಿಮಾನದಲ್ಲಿ ಅದು ಕೇಳಿಸುವುದೇ ಇಲ್ಲ. ಕಿವಿ ಒಳಕ್ಕೆ ಎಳೆದಂತೆ ಅನಿಸುವುದು ನಿಜವಾದ ಒತ್ತಡವಲ್ಲ, ಕೆಳಸದ್ದು ಏಕಾಏಕಿ ಇಲ್ಲವಾದಾಗ ಹುಟ್ಟುವ ಭ್ರಮೆ. ಹಲವರಿಗೆ ರೂಢಿಯಾಗುತ್ತದೆ, ಆಗದವರು ಎಎನ್‌ಸಿ ಮಟ್ಟ ತಗ್ಗಿಸಲು ಬರುವ ಮಾದರಿಯನ್ನೇ ಕೊಳ್ಳಬೇಕು.

ದೇಶದೊಳಗೆ ಹೆಚ್ಚಿನ ವಿಮಾನಗಳಲ್ಲಿ ಸೀಟಿಗೆ ಪರದೆ ಇರುವುದಿಲ್ಲ, ಫೋನು ಮತ್ತು ಬ್ಲೂಟೂತ್ ಸಾಕು. ದೂರದ ಪ್ರಯಾಣದಲ್ಲಿ ಸೀಟಿನ ಪರದೆಯ ಸದ್ದು ಕೇಳಲು ಮಾತ್ರ ಸಾಮಾನ್ಯವಾಗಿ ವೈರು ಬೇಕು. ಎಷ್ಟೋ ಅಗ್ಗದ ಮಾದರಿಗಳಲ್ಲಿ ವೈರಿನ ತೂತೇ ಇಲ್ಲ, ಕೊಳ್ಳುವ ಮೊದಲು ನೋಡಿ. ವೈರು ಚುಚ್ಚಿದಾಗಲೂ ಎಎನ್‌ಸಿ ನಡೆಯುತ್ತದೆಯೇ, ಬ್ಯಾಟರಿ ಸತ್ತಾಗ ಹಾಡಾದರೂ ಬರುತ್ತದೆಯೇ, ಚಾರ್ಜಿಗೆ ಹಾಕಿಕೊಂಡು ಕೇಳಬಹುದೇ, ಇವು ಮೂರನ್ನೂ ಮನೆಯಲ್ಲೇ ತಿಳಿದುಕೊಳ್ಳಿ. ಹಳೆಯ ಸೀಟುಗಳಲ್ಲಿ ಎರಡು ತೂತು ಇರುತ್ತವೆ. ಒಂಟಿ ಪಿನ್ ಚುಚ್ಚಿದರೆ ಒಂದೇ ಕಿವಿಗೆ ಸದ್ದು. ಎರಡು ಪಿನ್ನಿನ ಅಡಾಪ್ಟರ್ ಕೆಲವೇ ನೂರು ರೂಪಾಯಿ, ಬ್ಯಾಗಿನಲ್ಲಿರಲಿ. ಸೀಟಿಗೆ ಚುಚ್ಚುವ ಬ್ಲೂಟೂತ್ ಟ್ರಾನ್ಸ್‌ಮಿಟರೂ ಸಿಗುತ್ತದೆ, ಆದರೆ ಕಡಿಮೆ ವಿಳಂಬದ ಕೋಡೆಕ್ (ಬ್ಲೂಟೂತಿನಲ್ಲಿ ಸದ್ದನ್ನು ಅಡಕ ಮಾಡಿ ಕಳಿಸುವ ವಿಧಾನ) ಎರಡೂ ಕಡೆ ಇಲ್ಲದಿದ್ದರೆ ತುಟಿ ಮೊದಲು, ಮಾತು ಆಮೇಲೆ. ನನ್ನ ಮತ ವೈರಿಗೇ.

ಎಎನ್‌ಸಿಯ ದೊಡ್ಡ ಲಾಭ ನಿದ್ದೆಯಲ್ಲ, ವಾಲ್ಯೂಮು. 85 ಡೆಸಿಬಲ್ ಗದ್ದಲದ ಮೇಲೆ ಹಾಡು ಕೇಳಿಸಬೇಕೆಂದರೆ ಅದಕ್ಕೂ ಜೋರಿಡಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಎಎನ್‌ಸಿ ಹಾಕಿದ ಮೇಲೂ ವಾಲ್ಯೂಮು ಅರ್ಧಕ್ಕಿಂತ ಬಹಳ ಮೇಲೆ ಹೋಗುತ್ತಿದ್ದರೆ ಸೋರಿಕೆಯನ್ನು ಮತ್ತೊಮ್ಮೆ ನೋಡಿ.

ಹೆಡ್‌ಫೋನು ಕೈಬ್ಯಾಗಿನಲ್ಲೇ ಇರಲಿ, ಒಳಗೆ ಲಿಥಿಯಂ ಬ್ಯಾಟರಿ ಇದೆ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಬ್ಲೂಟೂತನ್ನು ಮತ್ತೆ ಆನ್ ಮಾಡಿಕೊಳ್ಳಿ. ಏರುವಾಗ, ಇಳಿಯುವಾಗ ಸಿಬ್ಬಂದಿ ತೆಗೆಯಿರಿ ಎಂದರೆ ತೆಗೆಯಿರಿ.

ಮೆತ್ತೆಯ ಹೊದಿಕೆ ಕರಾವಳಿಯ ಸೆಕೆಯಲ್ಲಿ ಬೇಗ ಸಿಪ್ಪೆ ಏಳುತ್ತದೆ. ಬೆವರನ್ನು ಒಣಬಟ್ಟೆಯಲ್ಲಿ ಒರೆಸಿ, ಸ್ಪಿರಿಟ್ ತಾಗಿಸಬೇಡಿ. ಹೊಸ ಮೆತ್ತೆ ಕೊಳ್ಳುವಾಗ ಅದೇ ಮಾದರಿಯದ್ದು, ಅದೇ ದಪ್ಪದ್ದು ಇರಲಿ. ದಪ್ಪ ಬದಲಾದರೆ ಕಪ್ಪಿನೊಳಗಿನ ಗಾಳಿಯ ಅಳತೆ, ಮೈಕಿಗೂ ಕಿವಿಗೂ ಇರುವ ದೂರ ಎರಡೂ ಬದಲಾಗಿ, ಕಾರ್ಖಾನೆಯಲ್ಲಿ ಹೊಂದಿಸಿದ ಎಎನ್‌ಸಿ ಲೆಕ್ಕ ತಪ್ಪುತ್ತದೆ.