ಪ್ರದರ್ಶನಕ್ಕೆ ಡೋಡೊ: ನಾನು ಕಟ್ಟುವ ಕ್ರಮ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಕಡೆಯ ಶಾಲೆಗಳ ವಿಜ್ಞಾನ ಪ್ರದರ್ಶನಕ್ಕೆ ಅಳಿದುಹೋದ ಪ್ರಾಣಿಗಳ ಮಾದರಿ ಮಾಡಿಕೊಡುತ್ತೇನೆ. ಡೈನೋಸಾರ್ ಕೇಳಿಕೊಂಡು ಬಂದವರಿಗೂ ನಾನು ಮೊದಲು ಹೇಳುವುದು ಮಾರಿಷಸ್ ದ್ವೀಪದಲ್ಲಿದ್ದ, ಈಗ ಅಳಿದುಹೋದ ಹಕ್ಕಿ ಡೋಡೊವನ್ನೇ. ನಿಜವಾದ ಅಳತೆಯಲ್ಲೇ ಮೇಜಿನ ಮೇಲೆ ನಿಲ್ಲಿಸಬಹುದು. ಮೂಳೆಗಳ ಲೆಕ್ಕದಲ್ಲಿ ಅದರ ಎತ್ತರ ಸುಮಾರು 63ರಿಂದ 75 ಸೆಂ.ಮೀ.; ನಾನು 70 ಇಟ್ಟುಕೊಳ್ಳುತ್ತೇನೆ.

ದಯವಿಟ್ಟು ಬೊಜ್ಜು ಬಂದ ಹಕ್ಕಿ ಮಾಡಬೇಡಿ. ಆ ರೂಪ 17ನೇ ಶತಮಾನದ ಯುರೋಪಿನ ಚಿತ್ರಗಳಿಂದ ಬಂದದ್ದು. ಸುಮಾರು 1625ರಲ್ಲಿ, ಮೊಘಲ್ ದೊರೆ ಜಹಾಂಗೀರನ ಆಸ್ಥಾನದ ಚಿತ್ರಕಾರ ಮನ್ಸೂರ್ ಬರೆದನೆನ್ನುವ ಚಿತ್ರದಲ್ಲಿ ಡೋಡೊ ಕಂದು ಬಣ್ಣಕ್ಕಿದೆ, ಮೈ ಅಷ್ಟು ದಪ್ಪವಿಲ್ಲ. ನಾನು ನಂಬುವುದು ಅದನ್ನೇ.

ಕೆಲಸ ಕೆಡುವುದು ಹೆಚ್ಚಾಗಿ ಕಾಲಿನಲ್ಲಿ. ಹಕ್ಕಿಯ ಕಾಲಲ್ಲಿ ಹಿಂದಕ್ಕೆ ಮಡಿಚಿದಂತೆ ಕಾಣುವ ಗಿಣ್ಣು ಮಂಡಿಯಲ್ಲ, ಹಿಮ್ಮಡಿಯ ಕೀಲು. ಮಂಡಿ ಪುಕ್ಕದೊಳಗೆ ಹೊಟ್ಟೆಯ ಪಕ್ಕ ಅಡಗಿರುತ್ತದೆ. ಹಾಗಾಗಿ 8 ಎಂ.ಎಂ. ಕಂಬಿಯನ್ನು ಸೊಂಟದಿಂದ ಮೊದಲು ಮುಂದಕ್ಕೆ, ಮಂಡಿಯಿಂದ ಇಳಿಜಾರಾಗಿ ಹಿಂದಕ್ಕೆ, ಗಿಣ್ಣಿನಿಂದ ಮತ್ತೆ ಮುಂದಕ್ಕೆ ಬಗ್ಗಿಸಿ. ಆಗ ಪಾದ ಮೈಭಾರದ ನಡುವಿಗೆ ಬರುತ್ತದೆ. ಸೊಂಟದಿಂದ ನೆಟ್ಟಗೆ ಇಳಿಸಿದರೆ ಕೊಕ್ಕಿನ ಭಾರಕ್ಕೆ ಮುಂದಕ್ಕೆ ಮುಗ್ಗರಿಸುತ್ತದೆ. ಬೆರಳು ಮುಂದೆ ಮೂರು, ಹಿಂದೆ ಒಂದು. ಕಟ್ಟುವ ತಂತಿಯನ್ನು ಹುರಿಮಾಡಿದರೆ ಸಾಕು.

ಮೈಗೆ ಕೋಳಿ ಜಾಲರಿ, ಅದರ ಮೇಲೆ ಹಳೇ ಪೇಪರು, ಮೈದಾ ಅಂಟು. ಹುಳು ಹಿಡಿಯದಂತೆ ಅಂಟಿಗೆ ಚೂರು ಮೈಲುತುತ್ತ ಹಾಕುತ್ತೇನೆ. ಅದು ವಿಷ, ಮಕ್ಕಳ ಕೈಗೆ ಕೊಡಬಾರದು. ನಾಲ್ಕು ಪದರ ಬೇಕು. ಒಂದು ಪೂರ್ತಿ ಒಣಗದೆ ಇನ್ನೊಂದು ಹಚ್ಚಿದರೆ ಒಳಗೇ ಬೂಸ್ಟು ಹಿಡಿದು ಮೈ ಕುಸಿಯುತ್ತದೆ. ಡೋಡೊ ಹಾರುತ್ತಿರಲಿಲ್ಲ, ಹಾರುವ ಸ್ನಾಯು ಹಿಡಿದುಕೊಳ್ಳುವ ಎದೆಮೂಳೆಯ ಏಣು ಸಣ್ಣದು. ಆದ್ದರಿಂದ ಫಾರಂ ಕೋಳಿಯಂತೆ ಎದೆ ಉಬ್ಬಿಸಬೇಡಿ.

ಕೊಕ್ಕು, ಉಗುರಿಗೆ ಎಂ-ಸೀಲ್. ಮೇಲ್ಕೊಕ್ಕು ಹಿಂದಿನ ಬುರುಡೆಯ ಸುಮಾರು ಎರಡರಷ್ಟು ಉದ್ದ, ತುದಿ ಕೊಕ್ಕೆ. ಮುಖದ ಮುಂಭಾಗ ಬರೀ ಚರ್ಮ, ಅಲ್ಲಿ ಪುಕ್ಕ ಅಂಟಿಸಬಾರದು.

ಪುಕ್ಕಕ್ಕೆ ಶಿಡ್ಲಘಟ್ಟದಲ್ಲಿ ನೂಲು ತೆಗೆದು ಉಳಿದ ರೇಷ್ಮೆ ತ್ಯಾಜ್ಯ ತರುತ್ತೇನೆ. ಸೋಪು ನೀರಲ್ಲಿ ಕುದಿಸಿ, ಚೆನ್ನಾಗಿ ತೊಳೆದು, ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ನೆನೆಸಿದರೆ ಮಾಸಲು ಕಂದು ಬರುತ್ತದೆ. ಬಾಲದ ಕಡೆಯಿಂದ ಕುತ್ತಿಗೆಯತ್ತ, ಒಂದರ ಬುಡದ ಮೇಲೆ ಇನ್ನೊಂದರ ತುದಿ ಬರುವಂತೆ ಅಂಟಿಸಿ. ಬಾಲದ ಗುಂಗುರು ಕುಚ್ಚಿಗೆ ಬಣ್ಣ ಹಾಕದ ಎಳೆಯನ್ನು ಒದ್ದೆಯಿದ್ದಾಗಲೇ ಪೆನ್ಸಿಲ್‌ಗೆ ಸುತ್ತಿ ಒಣಗಿಸಿ.