ಬಯೋಡೇಟಾದ ಪಕ್ಕದಂಕಣದಲ್ಲಿ ಒಂದು ನಕ್ಷೆ

ಕೆರೆಗಳ ಹೂಳೆತ್ತುವ ಕಾಮಗಾರಿಗೆ ಮುನ್ನ ಸಮೀಕ್ಷೆ ಮಾಡುವುದು ನನ್ನ ಕೆಲಸ. ಕೋಲಾರ, ಚಿತ್ರದುರ್ಗ, ಗದಗ, ಯಾದಗಿರಿ ಎಂದು ಸಾಲಾಗಿ ಬರೆದರೆ ನಮ್ಮವರಿಗೆ ತಿಳಿಯುತ್ತದೆ. ದೆಹಲಿಯಲ್ಲಿ ಕುಳಿತು ಅರ್ಜಿ ನೋಡುವವರಿಗೆ ಅವು ಬರೀ ಹೆಸರುಗಳು. ಮಳೆ ಕಡಿಮೆಯಿರುವ ಒಳನಾಡಿನ ಉದ್ದಕ್ಕೂ ದುಡಿದಿದ್ದೇನೆ ಎಂಬುದು ಅವರ ಕಣ್ಣಿಗೆ ಬೀಳಲೆಂದು ಬಯೋಡೇಟಾಕ್ಕೆ ಕರ್ನಾಟಕದ ಪುಟ್ಟ ನಕ್ಷೆ ಸೇರಿಸಿದೆ.

ಬಳಸಿದ್ದು ನಕ್ಷೆ ತಯಾರಿಸುವ ಉಚಿತ ತಂತ್ರಾಂಶ ಕ್ಯೂಜಿಐಎಸ್. ಜಿಲ್ಲಾ ಗಡಿಗಳ ಕಡತವನ್ನು ಆರಿಸುವಾಗ ಅದು ಯಾವ ವರ್ಷದ್ದೆಂದು ನೋಡಲೇಬೇಕು. 2011ರ ಜನಗಣತಿಯ ಗಡಿಗಳಲ್ಲಿ 30 ಜಿಲ್ಲೆಗಳಷ್ಟೇ ಇವೆ; 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಅದರಲ್ಲಿಲ್ಲ. ಇಡೀ ಭಾರತದ ನಕ್ಷೆ ಬೇಕೆನ್ನುವವರು ಸರ್ವೆ ಆಫ್ ಇಂಡಿಯಾದ ಗಡಿಗಳನ್ನೇ ಬಳಸುವುದು ಕ್ಷೇಮ. ನ್ಯಾಚುರಲ್ ಅರ್ಥ್‌ನಂಥ ವಿದೇಶಿ ಕಡತಗಳಲ್ಲಿ ಕಾಶ್ಮೀರದ ಗಡಿ ನಮ್ಮ ಅಧಿಕೃತ ನಕ್ಷೆಯಂತೆ ಇರುವುದಿಲ್ಲ.

ಹೆಚ್ಚು ತಲೆ ಕೆಡಿಸಿಕೊಂಡದ್ದು ಅಳತೆಯ ಬಗ್ಗೆ. ಕರ್ನಾಟಕ ಉದ್ದುದ್ದ ರಾಜ್ಯ: ಉತ್ತರ ದಕ್ಷಿಣವಾಗಿ ಸುಮಾರು 750 ಕಿಲೋಮೀಟರ್, ಪೂರ್ವ ಪಶ್ಚಿಮವಾಗಿ ಸುಮಾರು 400. ಪುಟದ ಅಡ್ಡಕ್ಕೆ ಇಟ್ಟರೆ ಎರಡೂ ಬದಿ ಖಾಲಿ ಹೊಡೆಯುತ್ತದೆ. ಆದ್ದರಿಂದ ಪಕ್ಕದ ಕಿರಿದಾದ ಅಂಕಣದಲ್ಲಿ 4 ಸೆಂಟಿಮೀಟರ್ ಅಗಲ ಕೊಟ್ಟೆ. ಆಗ ಒಂದು ಸೆಂಟಿಮೀಟರ್ ಎಂದರೆ 100 ಕಿಲೋಮೀಟರ್, ಒಂದು ಮಿಲಿಮೀಟರ್ ಎಂದರೆ 10. ಈ ಅಳತೆಯಲ್ಲಿ ಕರಾವಳಿಯ ಒಂದೊಂದು ಅಳಿವೆಯ ತಿರುವನ್ನೂ ಉಳಿಸಿಕೊಂಡರೆ ಗೆರೆ ಮಸಿ ಚೆಲ್ಲಿದಂತೆ ದಪ್ಪಗಾಗುತ್ತದೆ. ಎರಡು ಕಿಲೋಮೀಟರಿಗಿಂತ ಸಣ್ಣ ಅಂಕುಡೊಂಕುಗಳನ್ನೆಲ್ಲ ತೆಗೆದುಹಾಕಿದೆ. ಇದಕ್ಕೆ ಮ್ಯಾಪ್‌ಶೇಪರ್ ಎಂಬ ತಂತ್ರಾಂಶ ಒಳ್ಳೆಯದು: ಅಕ್ಕಪಕ್ಕದ ಜಿಲ್ಲೆಗಳಿಗೆ ಸಮಾನವಾದ ಗಡಿಯನ್ನು ಒಂದೇ ಗೆರೆಯಾಗಿ ಸರಳಗೊಳಿಸುವುದರಿಂದ ನಡುವೆ ಬಿರುಕು ಬೀಳುವುದಿಲ್ಲ.

ಜಿಲ್ಲೆಗಳಿಗೆ ಬಣ್ಣ ತುಂಬಲಿಲ್ಲ. ನಾಲ್ಕು ಹೋಬಳಿಯಲ್ಲಿ ಓಡಾಡಿ ಇಡೀ ಚಿತ್ರದುರ್ಗಕ್ಕೆ ಬಣ್ಣ ಬಳಿದರೆ ಅದು ಬಡಾಯಿಯಾಗುತ್ತದೆ. ಮಾಸಲು ಬೂದು ಹಿನ್ನೆಲೆಯ ಮೇಲೆ ಕೆಲಸ ಮಾಡಿದ ಊರುಗಳಲ್ಲಿ ಮಾತ್ರ ಕಪ್ಪು ಚುಕ್ಕೆ ಇಟ್ಟೆ. ಎಷ್ಟೋ ಕಚೇರಿಗಳಲ್ಲಿ ಅರ್ಜಿಗಳನ್ನು ಮುದ್ರಿಸುವುದು ಕಪ್ಪುಬಿಳುಪಿನಲ್ಲೇ. ಕೆಂಪು, ಹಸಿರು ಎಂದು ವಿಂಗಡಿಸಿದರೆ ಅಲ್ಲಿ ಎರಡೂ ಒಂದೇ. ಉತ್ತರ ದಿಕ್ಕಿನ ಬಾಣವನ್ನೂ ಅಳತೆಪಟ್ಟಿಯನ್ನೂ ಬಿಟ್ಟೆ. ಸರ್ವೆ ಕಲಿತವರು ಹುಬ್ಬೇರಿಸಬಹುದು, ಆದರೆ ಇದನ್ನು ಹಿಡಿದು ಯಾರೂ ದಾರಿ ಹುಡುಕುವುದಿಲ್ಲ.

ಕೊನೆಗೆ ಚಿತ್ರವನ್ನು ಚುಕ್ಕೆಗಳಾಗಿ ಅಲ್ಲದೆ ಗೆರೆಗಳಾಗಿಯೇ ಇಡುವ ಎಸ್‌ವಿಜಿ ರೂಪದಲ್ಲಿ ಉಳಿಸಿ, ಲಿಬ್ರೆಆಫೀಸ್ ರೈಟರ್‌ನಲ್ಲಿ ಸೇರಿಸಿ, ಪಿಡಿಎಫ್ ಮಾಡಿದೆ. ಎಷ್ಟು ಹಿಗ್ಗಿಸಿದರೂ ಗೆರೆ ಮಸುಕಾಗದು. ಊರುಗಳ ಹೆಸರನ್ನು ಅನುಭವದ ಭಾಗದಲ್ಲಿ ಅಕ್ಷರದಲ್ಲೂ ಉಳಿಸಿಕೊಂಡಿದ್ದೇನೆ, ಏಕೆಂದರೆ ಅರ್ಜಿ ಜರಡಿ ಹಿಡಿಯುವ ತಂತ್ರಾಂಶಗಳು ಚಿತ್ರದೊಳಗಿನದನ್ನು ಓದುತ್ತವೆ ಎಂದು ನಂಬಿ ಕೂರುವಂತಿಲ್ಲ. ನಿಗದಿತ ನಮೂನೆ ಕೇಳುವ ಸರ್ಕಾರಿ ಹುದ್ದೆಗಳಿಗೆ ನಕ್ಷೆಯಿಲ್ಲದ ಪ್ರತಿಯನ್ನೇ ಕಳಿಸುತ್ತೇನೆ.