ಹೆಸರು ಹೇಳದೆ ಕೇಳಿಸುತ್ತೇನೆ

ನಾನು ಮಾಡುವುದು ಆಂಬಿಯೆಂಟ್ ಸಂಗೀತ, ಅಂದರೆ ಸುತ್ತಲಿನ ವಾತಾವರಣದ ಹಾಗೆ ಮೆಲ್ಲಗೆ ಹರಡಿಕೊಳ್ಳುವ ನಾದ. ಅದರಲ್ಲಿ ಸಾಹಿತ್ಯವಿಲ್ಲ, ತಾಳವೂ ಇಲ್ಲ. ಆದರೂ ಅದೇ ತುಣುಕು ಕೇಳಿ ಒಬ್ಬರು ಕಣ್ಣೊರೆಸಿಕೊಳ್ಳುತ್ತಾರೆ, ಇನ್ನೊಬ್ಬರು ಎದ್ದು ಹೋಗಿ ಲೈಟ್ ಹಾಕುತ್ತಾರೆ. ಯಾಕೆ ಹೀಗೆ ಅಂತ ತಿಳಿಯುವ ಆಸೆಗೆ, ಮಾಡಿದ್ದನ್ನೆಲ್ಲ ಮನೆಗೆ ಬಂದ ಸ್ನೇಹಿತರಿಗೆ, ನೆಂಟರಿಗೆ ಕೇಳಿಸುತ್ತಾ ಬಂದಿದ್ದೇನೆ.

ತುಣುಕು ಕಟ್ಟುವುದು ಹೀಗೆ. ತಂಬೂರಿಯ ಶ್ರುತಿ, ಹಾರ್ಮೋನಿಯಂನ ಒಂದು ಉದ್ದನೆಯ ಸ್ವರ, ಅಕ್ಕ ಬಾಯಿ ಮುಚ್ಚಿ ಗುನುಗಿದ ಒಂದು ಸ್ವರ. ಮೂರನ್ನೂ 17, 19, 23 ಸೆಕೆಂಡಿನ ಲೂಪ್, ಅಂದರೆ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುವ ತುಂಡು, ಮಾಡುತ್ತೇನೆ. ಮೂರೂ ಮತ್ತೆ ಒಟ್ಟಿಗೆ ಶುರುವಾಗಲು 7429 ಸೆಕೆಂಡ್ ಬೇಕು, ಎರಡು ಗಂಟೆಗೂ ಜಾಸ್ತಿ. ಕೇಳಿದ್ದೇ ಸ್ವರ ಅನ್ನಿಸುತ್ತದೆ, ಮುಂದೇನು ಅಂತ ಮಾತ್ರ ಊಹಿಸಲಾಗದು. ಈ ದಾರಿ ನನಗೆ ಸಿಕ್ಕಿದ್ದು ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋ ಅವರಿಂದ. ಎಪ್ಪತ್ತರ ದಶಕದ ಕೊನೆಯಲ್ಲಿ ಬಂದ ಆಲ್ಬಂ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್'ನಲ್ಲಿ ಅವರು ಬೇರೆ ಬೇರೆ ಅಳತೆಯ ಟೇಪ್ ಲೂಪ್‌ಗಳನ್ನು ಹೀಗೇ ಒಟ್ಟಿಗೆ ಓಡಿಸಿದ್ದರು.

ಭಾವನೆ ಬದಲಾಗಲು ತೀರಾ ಸಣ್ಣ ವ್ಯತ್ಯಾಸ ಸಾಕು. ಸೆಕೆಂಡಿಗೆ 146 ಸಲ ಕಂಪಿಸುವ, ಅಂದರೆ 146 ಹರ್ಟ್ಸ್‌ನ ಷಡ್ಜದ ಜೊತೆ 146.1ರ ಇನ್ನೊಂದನ್ನು ಇಟ್ಟರೆ, ಹತ್ತು ಸೆಕೆಂಡಿಗೊಮ್ಮೆ ನಾದ ಉಬ್ಬಿ ಇಳಿಯುತ್ತದೆ. ನನ್ನ ಕೋಣೆಯಲ್ಲಿ ಆಗ ಜನ ಬೆನ್ನು ಒರಗಿಸಿ ಕೂರುತ್ತಾರೆ. ಅದನ್ನೇ 150 ಮಾಡಿದರೆ ಸೆಕೆಂಡಿಗೆ ನಾಲ್ಕು ಸಲ ನಡುಗುತ್ತದೆ, ಕೂತವರು ಮಿಸುಕಾಡುತ್ತಾರೆ. ಕೆಳಗೆ 50 ಹರ್ಟ್ಸ್ ಹತ್ತಿರ ಒಂದು ಗುಂಯ್ ಸೇರಿಸಿದರಂತೂ ಭಯ ಅನ್ನುವವರೇ ಹೆಚ್ಚು.

ಆದರೆ ನೆನಪು ನನ್ನ ಕೈಯಲ್ಲಿಲ್ಲ. ರಿವರ್ಬ್, ಅಂದರೆ ಸದ್ದಿನ ಮಾರ್ದನಿ, ಜಾಸ್ತಿ ಮಾಡಿದಾಗ ಎಲ್ಲರಿಗೂ ದೊಡ್ಡ ಖಾಲಿ ಜಾಗವೇ ಕೇಳಿಸುತ್ತದೆ. ಒಬ್ಬರಿಗೆ ಅದು ಊರಿನ ಗುಡಿ, ಮತ್ತೊಬ್ಬರಿಗೆ ರಾತ್ರಿಯ ಆಸ್ಪತ್ರೆ. ಪಕ್ಕದ ಮನೆಯ ಆಂಟಿ, "ಅಮ್ಮ ಒಳಗೆ ಅಡಿಗೆ ಮಾಡ್ತಿದ್ದ ಹಾಗಾಯ್ತು ಕಣೋ" ಅಂದರು. ಅವರಮ್ಮ ಹೋಗಿ ಎಷ್ಟೋ ವರ್ಷ ಆಗಿದೆ.

ಅದಕ್ಕೇ ನಾನು ತುಣುಕಿನ ಹೆಸರು ಹೇಳುವುದಿಲ್ಲ. 'ಮಳೆ' ಅಂದುಬಿಟ್ಟರೆ ಎಲ್ಲರಿಗೂ ಮಳೆಯೇ ಕೇಳಿಸುತ್ತದೆ, ಅಲ್ವಾ? "ಬೇಜಾರಾಯ್ತಾ?" ಅಂತಲೂ ಕೇಳುವುದಿಲ್ಲ. ಕೇಳುವುದು ಒಂದೇ: "ಎಲ್ಲಿದ್ದ ಹಾಗನ್ನಿಸಿತು?" ಜಾಗ ಹೇಳುತ್ತಾ ಹೇಳುತ್ತಾ ಭಾವನೆ ತಾನಾಗಿ ಬರುತ್ತದೆ. ಮಾತಿಗೆ ಮೊದಲು ಎಲ್ಲರೂ ಚೀಟಿಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಮೊದಲು ಬಾಯಿ ಬಿಟ್ಟವರ ಅನುಭವವೇ ಎಲ್ಲರದ್ದೂ ಆಗಿಬಿಡುತ್ತದೆ.

ವಾಲ್ಯೂಮ್ ಕಡಿಮೆ ಇರಲಿ. 1975ರಲ್ಲಿ ಅಪಘಾತವಾಗಿ ಹಾಸಿಗೆ ಹಿಡಿದಿದ್ದ ಈನೋ, ತೀರಾ ಸಣ್ಣಗೆ ಕೇಳಿಸುತ್ತಿದ್ದ ಹಾರ್ಪ್ ಅನ್ನುವ ತಂತಿವಾದ್ಯದ ರೆಕಾರ್ಡನ್ನು ಎದ್ದು ಜೋರು ಮಾಡಲಾಗದೆ ಹಾಗೇ ಕೇಳಿದರು. ಹೊರಗಿನ ಮಳೆ ಸದ್ದಿನೊಳಗೆ ಸಂಗೀತ ಬೆರೆತಿತ್ತು. ನಾನೂ ಕಿಟಕಿ ತೆರೆದಿಡುತ್ತೇನೆ. ಆಟೋ, ಕುಕ್ಕರ್ ಸೀಟಿ ಒಳಗೆ ಬರಲಿ. ಕೇಳುವವರ ದಿನ ಅದರಲ್ಲಿ ಸೇರಿಕೊಳ್ಳುತ್ತದೆ.

ಯಾರಾದರೂ ಅತ್ತರೆ ನಾನು ಥಟ್ಟನೆ ನಿಲ್ಲಿಸುವುದಿಲ್ಲ. ಸದ್ದನ್ನು ಎರಡು ನಿಮಿಷದಲ್ಲಿ ಮೆಲ್ಲಗೆ ಇಳಿಸುತ್ತೇನೆ. ಲೈಟ್ ತಡವಾಗಿ ಹಾಕುತ್ತೇನೆ. ಅವತ್ತು ಅವರ ಚೀಟಿ ಕೇಳುವುದಿಲ್ಲ.